ಹೊಳೆ ರಸ್ತೆಯ ಸೊಂಟದಳತೆ

ತನಗೆ ಏದುಸಿರು ಬಂದಿದೆ ಎಂದು ಒಪ್ಪಿಕೊಳ್ಳಲಾರದ ಒಬ್ಬ ಮನುಷ್ಯ ಹದಿನೇಳು ರಸ್ತೆಗುಂಡಿ ಮುಚ್ಚಿಸಿದ, ಒಂದು ಮರಕ್ಕೆ ಸರ್ಕಾರಿ ರಕ್ಷಣೆ ಕೊಡಿಸಿದ, ಒಂದು ತಿಂಗಳು ಮನೆಮಂದಿಯೆಲ್ಲ ಪುಕ್ಕಟೆ ಎಲೆಕೋಸು ತಿನ್ನುವ ಹಾಗೆ ಮಾಡಿದ ಎಂದರೆ ನೀವು ನಂಬಲಿಕ್ಕಿಲ್ಲ. ನಂಬಲೇಬೇಕೆಂದು ನಾನೂ ಹಟ ಹಿಡಿಯುವುದಿಲ್ಲ. ಇದನ್ನೆಲ್ಲ ಮಾಡಿದ ಟೈಲರಿಗೇ ಅದು ಇವತ್ತಿಗೂ ಪೂರ್ತಿ ನಂಬಿಕೆಯಾಗಿಲ್ಲ.

ಟೈಲರನ ಅಂಗಡಿ ಪೇಟೆಯ ಮೂಲೆಯಲ್ಲಿತ್ತು. ಎರಡು ಮಷೀನು, ಬಟ್ಟೆ ಕತ್ತರಿಸುವ ಒಂದು ಉದ್ದನೆ ಮೇಜು, ಕಾಲಿನವರೆಗೂ ಕಾಣುವ ಒಂದು ಕನ್ನಡಿ, ಅದರ ಪಕ್ಕ ಒಂದು ಪರದೆ. ಅವನು ಅಳತೆ ಹಿಡಿದು ಹೇಳುವುದು, ಹೆಂಡತಿ ಉದ್ದನೆ ಪುಸ್ತಕದಲ್ಲಿ ಬರೆದುಕೊಳ್ಳುವುದು. ಅವನು ಕತ್ತರಿಸುವುದು, ಅವಳು ಕಾಜಾ ಹೊಲಿದು ಅಂಚು ಮಡಿಸುವುದು. ಮೂವತ್ತನಾಲ್ಕು ವರ್ಷದಿಂದ ಸಂಸಾರವೂ ಅಂಗಡಿಯೂ ಹೀಗೇ ನಡೆದಿದ್ದವು. ಹೆಂಡತಿ ಅಂಗಡಿಯಲ್ಲಿ ಇಲ್ಲದಾಗ ಅವನು ಅಳತೆಯನ್ನು ಚೀಟಿಯಲ್ಲಿ ಗೀಚಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅಂಗಿ ಒಗೆಯುವ ಮುಂಚೆ ಅವಳು ಚೀಟಿ ತೆಗೆದು ಪುಸ್ತಕಕ್ಕೆ ಏರಿಸುತ್ತಿದ್ದಳು. ಆ ಜೇಬಿನಿಂದ ಬಂದ ಯಾವ ಸಂಖ್ಯೆಯೂ ಈವರೆಗೆ ನೀರುಪಾಲಾಗಿರಲಿಲ್ಲ.

ಟೈಲರನ ಕಸುಬಿನಲ್ಲಿ ಎರಡು ನೇಮಗಳಿದ್ದವು. ಒಂದು, ಗಿರಾಕಿಯ ಸೊಂಟದಳತೆಯನ್ನು ಗಟ್ಟಿಯಾಗಿ ಹೇಳಬಾರದು. ಎರಡು, ಎಂಥ ಬಟ್ಟೆಯೇ ಇರಲಿ, ಹೊಲಿಗೆಯ ಒಳಗಡೆ ಒಂದಿಂಚು ಬಟ್ಟೆ ಬಿಟ್ಟಿರಬೇಕು. "ಮನುಷ್ಯ ಇವತ್ತಿದ್ದ ಹಾಗೆ ಬರೋ ವರ್ಷ ಇರ್ತಾನಾ? ಬಿಚ್ಚೋದಕ್ಕೆ ಒಳಗೆ ಏನಾದ್ರೂ ಇರ್ಬೇಕಪ್ಪ" ಎನ್ನುತ್ತಿದ್ದ.

ಇಂಥ ಅಂಗಡಿಗೆ ಒಂದು ದಿನ ಹೆಲ್ಮೆಟ್ ಭಾವ ಬಂದರು. ಇವರು ಟೈಲರನ ಹೆಂಡತಿಯ ಅಕ್ಕನ ಗಂಡ. ಪಕ್ಕದ ಬೀದಿಯಲ್ಲೇ ಮನೆ. ನೌಕರಿಯಿಂದ ನಿವೃತ್ತರಾದ ಮೇಲೆ ಇಪ್ಪತ್ತೊಂದು ಗೇರಿನ ಸೈಕಲ್ಲು ಕೊಂಡು, ತಲೆಗೆ ಹೆಲ್ಮೆಟ್ಟು, ಕೈಗೆ ಎದೆಬಡಿತ ಎಣಿಸುವ ಗಡಿಯಾರ ಕಟ್ಟಿಕೊಂಡು ಓಡಾಡುತ್ತಿದ್ದರು. ತರಕಾರಿಗೆ ಹೋಗುವಾಗಲೂ ಹೆಲ್ಮೆಟ್ಟು ತೆಗೆಯುತ್ತಿರಲಿಲ್ಲವಾದ್ದರಿಂದ ಬೀದಿಯವರು ಪ್ರೀತಿಯಿಂದ ಆ ಹೆಸರಿಟ್ಟಿದ್ದರು. ಸೈಕಲ್ಲು ಹೊಡೆಯುವ ಬಿಗಿ ಚಡ್ಡಿ ಯಾಕೋ ಕುಗ್ಗಿಹೋಗಿದೆ, ಸ್ವಲ್ಪ ಸಡಿಲ ಮಾಡಿಕೊಡಬೇಕು ಎಂದು ಬಂದಿದ್ದರು. ಜೊತೆಗೆ ಅಕ್ಕನೂ ಬಂದಿದ್ದಳು.

ಟೈಲರು ಟೇಪು ಹಿಡಿದ. ಟೇಪು ಕಂಡ ಕೂಡಲೇ ಭಾವ ಎಂದಿನಂತೆ ಹೊಟ್ಟೆಯನ್ನು ಒಳಗೆಳೆದು ಕಂಬದ ಹಾಗೆ ನಿಂತರು.

"ಉಸಿರು ಬಿಡಿ ಭಾವ."

"ಬಿಟ್ಟಿದ್ದೀನಲ್ಲ!" ಎಂದರು ಭಾವ, ಬಾಯಿ ತೆರೆಯದೆ, ಮುಖ ಕೆಂಪು ಮಾಡಿಕೊಂಡು.

"ಯಾರ ಮುಂದೆ ನಾಟಕ? ಉಸಿರು ಬಿಡಿ ಅಂದ್ರೆ ಬಿಡಿ" ಎಂದಳು ಅಕ್ಕ.

ಟೈಲರು ಹೆಂಡತಿಯ ಕಿವಿಯಲ್ಲಿ ಒಂದು ಸಂಖ್ಯೆ ಹೇಳಿದ. ಅವಳು ಬರೆದುಕೊಂಡಳು. ಭಾವ, "ಎಷ್ಟು ಬಂತು?" ಎಂದರು. "ಸರಿಯಾಗೇ ಬಂದಿದೆ" ಎಂದಳು ಅವಳು. ಸಂಖ್ಯೆ ಎಷ್ಟೆಂದು ನನಗೂ ಗೊತ್ತು; ಆದರೆ ಅಂಗಡಿಯ ನೇಮ ನಾನು ಮುರಿಯುವುದಿಲ್ಲ.

ಉಸಿರು ವಾಪಸು ಬಂದ ಮೇಲೆ ಭಾವ ಹೊಳೆಸುತ್ತಿನ ವರ್ಣನೆ ಶುರುಮಾಡಿದರು. ದೊಡ್ಡ ಸೇತುವೆಯಿಂದ ಹೊರಟು, ಹೊಳೆಯ ಈ ದಂಡೆಯಲ್ಲಿ ಕೋಸಿನ ಹೊಲಗಳ ನಡುವೆ ಸಾಗಿ, ತೂಬಿನ ಹತ್ತಿರ ಕಿರುಸೇತುವೆ ದಾಟಿ, ಆ ದಂಡೆಯಲ್ಲಿ ಜೋಳದ ಹೊಲ, ಸೌತೆಬಳ್ಳಿ ನೋಡುತ್ತ ವಾಪಸು ದೊಡ್ಡ ಸೇತುವೆಗೆ. ಹದಿನೆಂಟು ಕಿಲೋಮೀಟರ್. "ಐವತ್ತೆರಡು ನಿಮಿಷ. ನೆಲಕ್ಕೆ ಕಾಲು ಊರಿಲ್ಲ! ಸುಲಭದ ಸುತ್ತು, ಸಪಾಟು ರಸ್ತೆ. ಆದ್ರೆ ನಿಮ್ಮಂಗೆ ಕೂತು ಕೆಲಸ ಮಾಡೋರಿಗೆ..." ಎಂದು ಟೈಲರನ ಕಾಲುಗಳನ್ನು ಒಂದು ಸಲ, ಮರುಕದಿಂದ ಇನ್ನೊಂದು ಸಲ ನೋಡಿದರು.

ಟೈಲರು ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡಿದ್ದ. ಮಾತಾಡಿದವಳು ಹೆಂಡತಿ.

"ಮದುವೆಯಾದ ವರ್ಷ ನನ್ನನ್ನ ಕ್ಯಾರಿಯರ್ ಮೇಲೆ ಕೂರಿಸ್ಕೊಂಡು ಅದೇ ಸುತ್ತು ಹಾಕಿಸಿದ್ರು ಭಾವ ಇವರು. ಈಗ್ಲೂ ಹಾಕಿಸ್ತಾರೆ."

"ಕ್ಯಾರಿಯರ್ ಮೇಲೆ?" ಎಂದಳು ಅಕ್ಕ. ಅವಳ ದನಿಯಲ್ಲಿ ಏನೋ ಇತ್ತು. ಇಪ್ಪತ್ತೊಂದು ಗೇರಿನ ಸೈಕಲ್ಲಿಗೆ ಕ್ಯಾರಿಯರ್ ಇರಲಿಲ್ಲ.

"ಹೌದಾ? ನಾವು ನಾಳೆ ಮಗಳ ಮನೆಗೆ ಹೋಗ್ತಿದ್ದೀವಿ. ತಿಂಗಳು ಬಿಟ್ಟು ಬರ್ತೀವಿ. ಬಂದ ಮೊದಲನೇ ಭಾನುವಾರ ಸೇತುವೆ ಮೇಲೆ ಗಡಿಯಾರ ಹಿಡ್ಕೊಂಡು ನಿಂತಿರ್ತೀನಿ. ಏನಂತೀರಿ?" ಎಂದರು ಭಾವ.

ಟೈಲರು, "ಮ್ಮ್ಮ್" ಎಂದ. ಪಿನ್ನು ಕಚ್ಚಿದ ಬಾಯಿಂದ ಬೇರೆ ಏನೂ ಬರುವಂತಿರಲಿಲ್ಲ. ಅದು ಒಪ್ಪಿಗೆ ಎಂದು ದಾಖಲಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಟೈಲರು ಜ್ವರವೋ ಬೆನ್ನುನೋವೋ ಏನೋ ಒಂದು ನೆಪ ಹೊಂದಿಸಿಕೊಳ್ಳುತ್ತಿದ್ದ. ಆದರೆ ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದಾಗ ಹೆಂಡತಿ ಹಳೇ ಕರಿ ಸೈಕಲ್ಲಿನ ಕ್ಯಾರಿಯರನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸುತ್ತಿದ್ದಳು. ಮಾರನೆಯ ದಿನ ತುಂಡು ಬಟ್ಟೆಗಳನ್ನು ಜೋಡಿಸಿ, ಹತ್ತಿ ತುಂಬಿ, ನಾಲ್ಕು ಮೂಲೆಗೂ ಲಾಡಿ ಇಟ್ಟು ಕ್ಯಾರಿಯರಿಗೆ ಸರಿಯಾಗಿ ಒಂದು ಮೆತ್ತೆ ಹೊಲಿದಳು. ಆ ಹೆಂಗಸು ಮೂವತ್ತನಾಲ್ಕು ವರ್ಷದಲ್ಲಿ ತನಗಾಗಿ ಹೊಲಿದುಕೊಂಡದ್ದು ಕಡಿಮೆ. ಮೆತ್ತೆ ನೋಡಿದ ಮೇಲೆ ಟೈಲರಿಗೆ ಜ್ವರ ಬರುವ ದಾರಿ ಮುಚ್ಚಿಹೋಯಿತು. ಅಕ್ಕನ ಮುಂದೆ ಅವಳಾಡಿದ ಮಾತು ಉಳಿಯಬೇಕಾದರೆ ಇವನ ಕಾಲು ತಿರುಗಬೇಕು, ಅಷ್ಟೇ.

ಅಂಗಡಿಗೆ ರಜೆ ಇದ್ದದ್ದು ಭಾನುವಾರ ಮಾತ್ರ. ಮೊದಲನೆಯ ಭಾನುವಾರ, "ಎರಡು ಸುತ್ತು ಹಾಕಿ ಬರ್ತೀನಿ ಕಣೇ. ಕಾಲು ಸ್ವಲ್ಪ ಪಳಗಲಿ" ಎಂದು ಹೊರಟ. ಎರಡು ಎಂದು ಯಾರೂ ಕೇಳಿರಲಿಲ್ಲ. ಬಾಯಿಗೆ ಬಂತು.

ಬೆಳಗಿನ ಹೊತ್ತು. ಹೊಳೆ ಅವಸರವಿಲ್ಲದೆ ಹರಿಯುತ್ತಿತ್ತು. ಎರಡು ಕಡೆಯೂ ಹೊಲ, ಇಬ್ಬನಿ ಹಿಡಿದ ಎಲೆಕೋಸು, ದೂರದಲ್ಲಿ ಯಾರೋ ಹಸು ಹೊಡೆದುಕೊಂಡು ಹೋಗುತ್ತಿದ್ದಾರೆ. ಇವನ್ನೆಲ್ಲ ನಾನು ನೋಡಿ ಹೇಳುತ್ತಿದ್ದೇನೆ. ಟೈಲರಿಗೆ ಕಂಡದ್ದು ತನ್ನ ಮೊಣಕಾಲು ಮಾತ್ರ. ರಸ್ತೆ ಸಪಾಟೆಂದು ಭಾವ ಹೇಳಿದ್ದು ಸುಳ್ಳಲ್ಲ. ಆದರೆ ಸಪಾಟಿನ ನಡುನಡುವೆ ಕೊಳದಂಥ ಗುಂಡಿಗಳಿದ್ದವು. ಮೊದಲನೆಯ ಮೈಲಿಗಲ್ಲು ಬರುವಷ್ಟರಲ್ಲಿ ಎದೆಯೊಳಗೆ ಎರಡು ಮಷೀನೂ ಒಟ್ಟಿಗೆ ಓಡುತ್ತಿರುವ ಹಾಗೆ ಸದ್ದು. ಇಳಿದ. ಕಲ್ಲಿಗೆ ಕೈ ಕೊಟ್ಟು ಬಗ್ಗಿ ನಿಂತ.

ಅದೇ ಹೊತ್ತಿಗೆ ಹುಲ್ಲಿನ ಹೊರೆ ಹೊತ್ತ ಇಬ್ಬರು ಹೆಂಗಸರು ಎದುರಾದರು.

"ಏನಣ್ಣಾ, ಸುಸ್ತಾಯ್ತಾ? ಒಂದೇ ಮೈಲಿಗಾ?"

"ಸುಸ್ತಾ? ಯಾರಿಗೆ?" ಎಂದ ಟೈಲರು. ಆ ಕ್ಷಣ ಅವನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಅಲ್ಲಿ ಟೇಪು ಇತ್ತು. ಮೂವತ್ತನಾಲ್ಕು ವರ್ಷದಿಂದ ಬೆಳಗೆದ್ದು ಮುಖ ತೊಳೆದ ಮೇಲೆ ಅವನು ಮೊದಲು ಹಾಕಿಕೊಳ್ಳುವುದೇ ಟೇಪನ್ನು. ಭಾನುವಾರವೆಂದು ಕುತ್ತಿಗೆಗೆ ಗೊತ್ತಾಗುವುದು ಹೇಗೆ? ಟೇಪು ತೆಗೆದ. ಮೊಣಕಾಲೂರಿ, ಹುಬ್ಬು ಗಂಟಿಕ್ಕಿ, ಮೈಲಿಗಲ್ಲಿನ ಎತ್ತರ ಹಿಡಿದ. ಇಪ್ಪತ್ತೆರಡು ಇಂಚು. ಜೇಬಿನಿಂದ ನೀಲಿ ಸೀಮೆಸುಣ್ಣ ತೆಗೆದು ಕಲ್ಲಿನ ಮೇಲೆ ಒಂದು ಗೀಟು ಎಳೆದ. ಚೀಟಿಯಲ್ಲಿ ಬರೆದುಕೊಂಡ.

ಹೆಂಗಸರು ಸುಮ್ಮನೆ ದಾರಿ ಬಿಟ್ಟು ಹೋದರು. ಟೈಲರಿಗೆ ಉಸಿರು ತಿರುಗಿತು.

ಉಪಾಯ ಎಂದರೆ ಇದು ಎಂದುಕೊಂಡ. ಮುಂದೆ ಕೋಸಿನ ಹೊಲದ ಗೇಟಿನ ಹತ್ತಿರ ಉಸಿರು ಕಟ್ಟಿತು. ಗೇಟು ಅಳೆದ, ನಲವತ್ತೆರಡು. ತೂಬಿನ ಗೋಡೆ ಅಳೆದ. ಆ ದಂಡೆಯಲ್ಲಿ ಒಂದು ಮುದಿ ಹಿಪ್ಪುನೇರಳೆ ಮರದ ನೆರಳು ಚೆನ್ನಾಗಿತ್ತು. ಅದರ ಸುತ್ತಳತೆ ಹಿಡಿದ. ಅರವತ್ತಿಂಚಿನ ಟೇಪು ಸಾಲದೆ ಹೆಬ್ಬೆರಳು ಒತ್ತಿ ಮತ್ತೆ ಹಿಡಿಯಬೇಕಾಯಿತು. ಅರವತ್ತೆಂಟು. ಕೊನೆಗೆ ದೊಡ್ಡ ಸೇತುವೆಯ ಏರು ಬಂತು. ಅಲ್ಲಿ ಅಳೆಯುವುದಕ್ಕೂ ಶಕ್ತಿ ಇರಲಿಲ್ಲ; ಸೈಕಲ್ಲು ತಳ್ಳಿಕೊಂಡು ಹತ್ತಿದ.

"ಎಷ್ಟು ಸುತ್ತಾಯ್ತು?" ಎಂದಳು ಹೆಂಡತಿ.

"ಎರಡು" ಎಂದು ಹೇಳಿ ಮಲಗಿದ.

ಸೋಮವಾರ ಅವಳು ಚೀಟಿ ಹಿಡಿದುಕೊಂಡು ಬಂದಳು. "ರೀ, ಇದ್ಯಾರು ಗಿರಾಕಿ? ಎತ್ತರ ಇಪ್ಪತ್ತೆರಡು, ಸೊಂಟ ಅರವತ್ತೆಂಟು?"

ಟೈಲರು ಮಷೀನಿಗೆ ಎಣ್ಣೆ ಬಿಡತೊಡಗಿದ. "ಹೊಸಬರು."

"ಗಂಡಸಾ, ಹೆಂಗಸಾ?"

"ಸ್ವಲ್ಪ ದಪ್ಪಗಿದ್ದಾರೆ."

"ಕಾಣ್ತಾ ಇದೆ. ಹೆಸರು?"

"ಹೊಳೆ ಕಡೆಯವರು."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಪುಸ್ತಕದಲ್ಲಿ ಹೊಸ ಹಾಳೆ ತೆಗೆದು, ಮೇಲೆ 'ಹೊಳೆ ಕಡೆಯವರು' ಎಂದು ಬರೆದು, ಎಲ್ಲ ಸಂಖ್ಯೆಗಳನ್ನೂ ಸಾಲಾಗಿ ಏರಿಸಿದಳು.

ಎರಡನೆಯ ಭಾನುವಾರ ಕೋಸಿನ ಹೊಲದ ಯಜಮಾನ ಗೇಟಿನಲ್ಲೇ ಕಾದು ನಿಂತಿದ್ದ. ಟೈಲರು ಎದುರಿಗೆ ಬಂದು ಇಳಿದದ್ದು ಉಸಿರಿಗಾಗಿ. ಯಜಮಾನ ತಿಳಿದದ್ದು ತನಗಾಗಿ ಎಂದು.

"ಸಾರ್, ಹೋದ ವಾರ ನಮ್ಮ ಗೇಟು ಅಳೆದ್ರಂತೆ. ರಸ್ತೆ ಅಗಲ ಮಾಡ್ತಾರಾ?"

ಟೈಲರಿಗೆ ಮಾತು ಹೊರಡಲಿಲ್ಲ. ಸ್ವಲ್ಪ ತಾಳಪ್ಪ ಎನ್ನುವಂತೆ ಕೈಯೆತ್ತಿ ಅಂಗೈ ತೋರಿಸಿದ.

"ಐದಡಿನಾ!" ಯಜಮಾನ ತಲೆಗೆ ಕೈಯಿಟ್ಟುಕೊಂಡ. "ಕೋಸಿನ ಒಂದು ಸಾಲೇ ಹೋಯ್ತಲ್ಲ ಸಾರ್! ಮೂರು ಮಾಡ್ಕೊಳ್ಳಿ. ಮೂರಡಿ. ಆ ಕಡೆ ಹೊಳೆ ಇದೆ, ಅದಕ್ಕೇನು, ಸ್ವಲ್ಪ ಸರಿಯುತ್ತೆ."

ಟೈಲರನ ತಲೆ ಏದುಸಿರಿಗೆ ಮೇಲೆ ಕೆಳಗೆ ಆಡುತ್ತಿತ್ತು.

"ಒಪ್ಪಿದ್ರು! ಮೂರಕ್ಕೆ ಒಪ್ಪಿದ್ರು!" ಎಂದು ಯಜಮಾನ ಹೊಲದ ಕಡೆ ಕೂಗಿದ. ನೋಡನೋಡುತ್ತಿದ್ದಂತೆ ಹ್ಯಾಂಡಲ್ಲಿನ ಎರಡು ಕಡೆಗೂ ಎರಡೆರಡು ಎಲೆಕೋಸು ತೂಗಿದವು. ಬೇಡ ಎನ್ನಬೇಕಿತ್ತು. ಬೇಡ ಎಂದರೆ ಯಾಕೆ ಎಂದು ಹೇಳಬೇಕಿತ್ತು. ಯಾಕೆ ಎಂದು ಹೇಳಿದರೆ, ಅಯ್ಯಾ ನಾನು ಟೈಲರು, ಒಂದು ಮೈಲಿಗೆ ಉಸಿರು ಕಟ್ಟುತ್ತದೆ, ಅದಕ್ಕೇ ನಿನ್ನ ಗೇಟು ಅಳೆದೆ ಎನ್ನಬೇಕಿತ್ತು. ಕೋಸು ಹೊತ್ತುಕೊಳ್ಳುವುದೇ ಹಗುರವೆನಿಸಿತು.

ತೂಬಿನ ಹತ್ತಿರ ನೀರು ಬಿಡುವವನು ಸೆಟೆದು ನಿಂತು ಸೆಲ್ಯೂಟ್ ಹೊಡೆದ. ಟೇಪನ್ನು ಕಣ್ಣಲ್ಲೇ ಅಳೆದು, "ಚಿಕ್ಕ ಟೇಪು. ಹೊಸ ಮಾದರಿ ಬಂದಿದೆ" ಎಂದು ಪಕ್ಕದವನಿಗೆ ಗುಟ್ಟು ಹೇಳಿದ.

ಹಿಪ್ಪುನೇರಳೆಯ ಬುಡದಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಮರಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ಏಳುವ ಲಕ್ಷಣವೇ ಇಲ್ಲದ ಹಾಗೆ.

"ಮರ ಅಳೆದವನು ನೀನೇನಪ್ಪಾ?"

ಟೈಲರು ತಲೆಯಾಡಿಸಿದ.

"ಕಡೀತೀಯಾ?"

ಟೈಲರು ಕುತ್ತಿಗೆಯ ಟೇಪಿನ ಮೇಲೆ ಕೈ ಮುಚ್ಚಿಕೊಂಡ.

"ನಾನೂ ನಮ್ಮವರೂ ಸೇರಿ ನೆಟ್ಟಿದ್ದು. ಅವರು ಹೋಗಿ ಎಂಟು ವರ್ಷವಾಯ್ತು. ಸೌತೆಬಳ್ಳಿಗೆ ನೀರು ಬಿಟ್ಟು ಇಲ್ಲೇ ಬಂದು ಕೂರೋರು. ಈಗ ನಾನು ಕೂರ್ತೀನಿ. ಅಷ್ಟೇ ಈ ಮರದ ಉಪಯೋಗ. ನಿಮ್ಮ ಕಾಗದದಲ್ಲಿ ಅದಕ್ಕೆ ಬೆಲೆ ಏನೂ ಇರಲ್ಲ, ನಂಗೊತ್ತು."

ಟೈಲರು ಅಜ್ಜಿಯ ಪಕ್ಕ ಮೊಣಕಾಲೂರಿದ. ಈ ಸಲ ಅಳೆಯುವುದಕ್ಕಲ್ಲ. "ಇಲ್ಲಜ್ಜಿ. ಈ ಮರ ಯಾರೂ ಮುಟ್ಟಲ್ಲ. ನಾನು ಹೇಳ್ತಿದ್ದೀನಲ್ಲ" ಎಂದುಬಿಟ್ಟ.

ಅದು ಅವನ ಜೀವನದ ಮೊದಲ ಸರ್ಕಾರಿ ಆಜ್ಞೆ. ಅಜ್ಜಿ ಮಡಿಲಿನಿಂದ ಮೂರು ಸೌತೆಕಾಯಿ ತೆಗೆದು ಅವನ ಕೈಗಿಟ್ಟು, ಕೈಯನ್ನು ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡಳು.

ಈ ಸಾಹೇಬರು ಕೇಳಿದರೆ ಒಪ್ಪುತ್ತಾರೆ ಎಂಬ ಸುದ್ದಿ ಹೊಳೆಯ ಎರಡು ದಂಡೆಯಲ್ಲೂ ಹಬ್ಬಿತು. ಮೂರನೆಯ ಭಾನುವಾರ ಒಂದು ಕುಂಬಳಕಾಯಿ ಬಂತು. ನಾಲ್ಕನೆಯ ಭಾನುವಾರ ಒಂದು ಮೂಟೆ ಜೋಳದ ತೆನೆ. ಮನೆಯಲ್ಲಿ ಕೋಸು ಮಂಚದ ಕೆಳಗೂ ಉರುಳಾಡತೊಡಗಿತು.

"ಯಾಕ್ರೀ ಕೊಟ್ರು ಇಷ್ಟೊಂದು?"

"ಒಳ್ಳೆ ಜನ."

"ಸುಮ್ಮಸುಮ್ಮನೆ?"

"ಬಹಳ ಒಳ್ಳೆ ಜನ."

ಅವಳು ಇನ್ನೇನೂ ಕೇಳದೆ ಕೋಸು ಹೆಚ್ಚಿದಳು. ಪಕ್ಕದ ಮನೆಯವರು ಮಾತ್ರ ಗೋಡೆಯ ಮೇಲಿಂದ ಇಣುಕಿ, "ನಿಮ್ಮ ಯಜಮಾನ್ರು ಸೈಕಲ್ ಹೊಡೆಯೋಕೆ ಹೋಗ್ತಾರೋ, ಸಂತೆಗೋ?" ಎಂದು ವಿಚಾರಿಸಿಕೊಂಡು, ಒಂದೊಂದು ಕೋಸು ಒಯ್ದರು.

ಇಷ್ಟರಲ್ಲಿ ಕೋಸಿನ ಯಜಮಾನ, ಇರಲಿ ಎಂದು, ರಸ್ತೆ ಕಚೇರಿಗೂ ಒಂದು ಅರ್ಜಿ ಕೊಟ್ಟಿದ್ದ. ಅಲ್ಲಿ ನಡೆದದ್ದು ಟೈಲರಿಗೆ ಆಮೇಲೆ ತಿಳಿದದ್ದು. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಅರ್ಜಿ ಓದಿದ ಮೇಲ್ವಿಚಾರಕ ಎಲ್ಲ ಫೈಲುಗಳನ್ನೂ ಕೆದಕಿ ನೋಡಿದ. ಹೊಳೆ ರಸ್ತೆ ಅಗಲ ಮಾಡುವ ಒಂದು ಕಾಗದವೂ ಇಲ್ಲ.

"ಯಾರು ಅಳೀತಿದ್ದಾರೆ? ಜೀಪಿನಲ್ಲಿ ಬರ್ತಾರಾ?"

"ಇಲ್ಲ ಸಾರ್, ಸೈಕಲ್ಲು. ಹಳೇದು."

"ಜೊತೆಗೆ ಸಿಬ್ಬಂದಿ?"

"ಒಬ್ರೇ. ಭಾನುವಾರ ಮಾತ್ರ ಬರ್ತಾರೆ. ಗುಂಡಿ ಬಂದ ಕಡೆಯೆಲ್ಲ ಇಳಿದು ನೋಡ್ತಾರೆ. ಜಾಸ್ತಿ ಮಾತಾಡಲ್ಲ. ಜೋರಾಗಿ ಉಸಿರು ಬಿಡ್ತಾರೆ."

ಮೇಲ್ವಿಚಾರಕ ಕುರ್ಚಿಯಲ್ಲಿ ಕುಸಿದ. ಹಳೇ ಸೈಕಲ್ಲು, ರಜೆಯ ದಿನ, ಒಬ್ಬನೇ, ಸಿಟ್ಟಿನ ಉಸಿರು! ಮೇಲಿನವರು ಗುಪ್ತವಾಗಿ ಕಳಿಸಿದ ತಪಾಸಣೆಯೇ ಸರಿ. ಎರಡು ವರ್ಷದಿಂದ ಬಾಯಿ ತೆರೆದುಕೊಂಡಿದ್ದ ಹದಿನೇಳು ಗುಂಡಿಗಳನ್ನು ನಾಲ್ಕು ದಿನದಲ್ಲಿ ಮುಚ್ಚಿಸಿದ. ಅಜ್ಜಿಯ ಮರ ಸಾಹೇಬರಿಗೆ ಇಷ್ಟವೆಂದು ಕೇಳಿ, ಅದರ ಕೆಳಗೆ ಒಂದು ಬೆಂಚು ಹಾಕಿಸಿ, 'ಈ ಮರವನ್ನು ಯಾರೂ ಕಡಿಯತಕ್ಕದ್ದಲ್ಲ' ಎಂದು ಬೋರ್ಡು ನೆಡಿಸಿದ.

ಆ ಭಾನುವಾರ ಬಂತು. ಹೆಲ್ಮೆಟ್ ಭಾವ ಬೆಳಗ್ಗೆ ಏಳಕ್ಕೇ ಸೇತುವೆಯ ಮೇಲೆ ಗಡಿಯಾರ ತಿರುಗಿಸುತ್ತ ನಿಂತಿದ್ದರು, ಪಕ್ಕದಲ್ಲಿ ಅಕ್ಕ. ಹೆಂಡತಿ ಹೆಗಲಿಗೆ ಒಂದು ಚೀಲ ಹಾಕಿಕೊಂಡು, ಮೆತ್ತೆಯ ಮೇಲೆ ಪಕ್ಕವಾಗಿ ಕೂತು, ಒಂದು ಕೈಯಿಂದ ಸೀಟಿನ ಕಂಬಿ ಹಿಡಿದುಕೊಂಡಳು. "ಹೊರಡೋಣ್ವಾ?" ಎಂದಳು. ಮೂವತ್ತನಾಲ್ಕು ವರ್ಷದ ಹಿಂದಿನ ದನಿ ಅದೇ.

ಟೈಲರು ಪೆಡಲ್ ತುಳಿದ. ಸೈಕಲ್ಲು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಾಡಿ, ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಮುಂದಕ್ಕೆ ಹೋಯಿತು. ರಸ್ತೆ ನುಣ್ಣಗಿತ್ತು. ಏನಾಯಿತು ಈ ಗುಂಡಿಗಳಿಗೆ ಎಂದು ಬೆರಗಾಗುತ್ತಲೇ ಮೈಲಿಗಲ್ಲು ದಾಟಿದ, ನಿಲ್ಲದೆ. ಹಿಂದಿನಿಂದ, "ಎಷ್ಟು ಚೆನ್ನಾಗಿದೆ ಅಲ್ವಾ?" ಎಂದಳು ಹೆಂಡತಿ. ಉತ್ತರ ಕೊಡಲು ಉಸಿರಿರಲಿಲ್ಲ. ಬೆಲ್ಲು ಬಾರಿಸಿದ.

ಕೋಸಿನ ಗೇಟಿನ ಹತ್ತಿರ ಎದೆ ಮತ್ತೆ ಮಷೀನಾಯಿತು. ಇಳಿದೇಬಿಟ್ಟ. ಗೇಟು ಅಲ್ಲಿರಲಿಲ್ಲ. ಮೂರಡಿ ಒಳಗೆ ಹೋಗಿತ್ತು.

"ನಾನೇ ಸರಿಸಿಬಿಟ್ಟೆ ಸಾರ್. ನಿಮಗೆ ಯಾಕೆ ತೊಂದ್ರೆ!" ಎಂದ ಯಜಮಾನ ಹಲ್ಲು ಬಿಡುತ್ತ. ಆಮೇಲೆ ಕ್ಯಾರಿಯರಿನ ಕಡೆ ನೋಡಿ ದನಿ ತಗ್ಗಿಸಿ, "ಹಿಂದೆ ಇರೋರು ಮೇಲಧಿಕಾರಿಗಳಾ ಸಾರ್?" ಎಂದ.

"ಹೌದು" ಎಂದ ಟೈಲರು. ಐದು ವಾರದಲ್ಲಿ ಆ ರಸ್ತೆಯಲ್ಲಿ ಅವನಾಡಿದ ಮೊದಲ ನಿಜ ಅದು.

ಯಜಮಾನ ಮೇಲಧಿಕಾರಿಗೆ ಕೈಮುಗಿದ. ಮೇಲಧಿಕಾರಿಯೂ ಗಂಭೀರವಾಗಿ ಕೈಮುಗಿದಳು. ಏನು ಎತ್ತ ಎಂದು ಗಂಡನನ್ನು ಕೇಳಲಿಲ್ಲ. ಕೇಳದೆ ಇದ್ದದ್ದೇ ಟೈಲರಿಗೆ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಾಯಿತು.

ಕಿರುಸೇತುವೆ ದಾಟಿ ಆ ದಂಡೆಗೆ ಬಂದರೆ, ಹಿಪ್ಪುನೇರಳೆಯ ಕೆಳಗೆ ಒಂದು ಸಭೆಯೇ ನೆರೆದಿತ್ತು. ಒಗೆದ ಅಂಗಿ ತೊಟ್ಟ ಮೇಲ್ವಿಚಾರಕ, ಅವನ ಕಂಕುಳಲ್ಲಿ ಒಂದು ಫೈಲು, ತೂಬಿನವನು, ಹುಲ್ಲಿನ ಹೊರೆಯ ಹೆಂಗಸರು. ಬೆಂಚು ಖಾಲಿ ಇದ್ದರೂ ನೆಲದಲ್ಲೇ ಕೂತ ಅಜ್ಜಿ. ಕೋಸಿನ ಯಜಮಾನನೂ ಹೊಲದ ಅಡ್ಡದಾರಿಯಲ್ಲಿ ಓಡಿ, ಕಿರುಸೇತುವೆ ದಾಟಿ ಬಂದು ಸೇರಿಕೊಂಡ.

"ಹದಿನೇಳೂ ಮುಚ್ಚಿದೆ ಸರ್. ತಾವು ಮೇಲಕ್ಕೆ ಬರೆಯೋವಾಗ ಸ್ವಲ್ಪ..." ಎಂದ ಮೇಲ್ವಿಚಾರಕ.

ಅಜ್ಜಿ ಅವನನ್ನು ಕೈಯಿಂದ ಸರಿಸಿದಳು. "ನೀನಿರಪ್ಪ. ಈ ಬೋರ್ಡು ಗೀರ್ಡು ನಂಗೆ ಓದೋಕೆ ಬರಲ್ಲ. ಇವನ ಬಾಯಲ್ಲಿ ಕೇಳ್ಬೇಕು." ಟೈಲರನ ಕಡೆ ತಿರುಗಿದಳು. "ನಿಜ ಹೇಳು. ನಾನಿರೋವರೆಗೂ ಈ ಮರ ಇರುತ್ತಾ? ನಿನಗೆ ಆ ಅಧಿಕಾರ ಇದೆಯಾ?"

ಮೇಲ್ವಿಚಾರಕನಿಗೆ ಸುಳ್ಳು ಹೇಳಬಹುದಿತ್ತು. ಯಜಮಾನನಿಗೆ ತಲೆಯಾಡಿಸಿ ಪಾರಾಗಬಹುದಿತ್ತು. ಈ ಕಣ್ಣುಗಳ ಮುಂದೆ ಆಗಲಿಲ್ಲ. ಹೆಂಡತಿ ಪಕ್ಕದಲ್ಲೇ ನಿಂತಿದ್ದಾಳೆ. ಟೈಲರು ಕುತ್ತಿಗೆಯ ಟೇಪನ್ನು ಎರಡು ಕೈಯಲ್ಲೂ ಹಿಡಿದುಕೊಂಡ.

"ಅಜ್ಜಿ, ನಾನು ಆಫೀಸರ್ ಅಲ್ಲ. ಟೈಲರು. ಸೈಕಲ್ ಹೊಡೆಯೋವಾಗ ಉಸಿರು ಕಟ್ತಿತ್ತು. ಜನ ನೋಡಿ ನಗ್ತಾರೆ ಅಂತ ನಾಚಿಕೆ ಆಯ್ತು. ಅದಕ್ಕೇ ಅಳೆದೆ. ಕಲ್ಲು, ಗೇಟು, ಗೋಡೆ, ನಿಮ್ಮ ಮರ, ಎಲ್ಲಾನೂ. ನನಗೆ ಯಾವ ಅಧಿಕಾರಾನೂ ಇಲ್ಲ."

ಮೇಲ್ವಿಚಾರಕ ಕಂಕುಳಿನ ಫೈಲನ್ನು ಬಿಗಿಯಾಗಿ ಹಿಡಿದುಕೊಂಡ.

"ಅಂದ್ರೆ ಮರ ಯಾರು ಕಡೀತಾರೆ?" ಎಂದಳು ಅಜ್ಜಿ.

"ಯಾರೂ ಇಲ್ಲ."

"ಮೊದ್ಲೂ ಯಾರೂ ಇರಲಿಲ್ವಾ?"

"ಇರಲಿಲ್ಲ ಅಜ್ಜಿ."

"ಮತ್ತೆ ನನ್ನ ಸೌತೆಕಾಯಿ?"

"ತಿಂದ್ವಿ" ಎಂದ ಟೈಲರು ತಲೆ ತಗ್ಗಿಸಿ.

ಅಜ್ಜಿಯ ಮುಖದ ಸುಕ್ಕುಗಳೆಲ್ಲ ಒಂದೊಂದಾಗಿ ಅಲುಗಿ, ಅವಳು ನಗತೊಡಗಿದಳು. ಹುಲ್ಲಿನ ಹೆಂಗಸರು, "ಸುಸ್ತಾ, ಯಾರಿಗೆ!" ಎಂದು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಯಜಮಾನ, "ನನ್ನ ಗೇಟು!" ಎಂದ. ಮೇಲ್ವಿಚಾರಕ ಬೆಂಚಿನ ಮೇಲೆ ಕುಸಿದು ಕೂತ. "ಹದಿನೇಳು ಗುಂಡಿ! ಒಬ್ಬ ಟೈಲರಿಗೆ ಹದಿನೇಳು ಗುಂಡಿ ಮುಚ್ಚಿಸಿದೆನಲ್ಲ! ತೆಗೀರಿ ಆ ಬೋರ್ಡನ್ನ!"

"ಮುಟ್ಟಿ ನೋಡು" ಎಂದಳು ಅಜ್ಜಿ.

ಅವನು ಯೋಚಿಸಿದ. ನಿಟ್ಟುಸಿರು ಬಿಟ್ಟ. "ಸರ್ಕಾರಿ ಬೋರ್ಡು ತೆಗೆಯೋಕೆ ಆರ್ಡರ್ ಬೇಕು. ಆರ್ಡರಿಗೆ ಫೈಲ್ ಬೇಕು. ಹಾಕಿದ್ದಕ್ಕೇ ಫೈಲಿಲ್ಲ. ಇನ್ನು ಅದು ಅಲ್ಲೇ ಇರುತ್ತೆ ಬಿಡಿ."

ಅಜ್ಜಿ ಎದ್ದು ಮರದ ಹಿಂದಿನ ತನ್ನ ಮನೆಯೊಳಗೆ ಹೋಗಿ ಒಂದು ಕೋಟು ತಂದಳು. ಗಂಡಸರದು, ದಪ್ಪ ಬಟ್ಟೆಯದು, ಮಡಿಕೆಗಳಲ್ಲಿ ಎಂಟು ವರ್ಷದ ಪೆಟ್ಟಿಗೆಯ ವಾಸನೆ. "ಟೈಲರ್ ಅಂದ್ಯಲ್ಲ. ನನ್ನಳತೆಗೆ ಮಾಡ್ಕೊಡು. ಚಳಿಗೆ ಇಲ್ಲಿ ಕೂರೋವಾಗ ಹಾಕ್ಕೊಳ್ತೀನಿ. ಸೌತೆಕಾಯಿಗೆ ಸರಿಹೋಯ್ತು."

ಟೈಲರು ಅವಳ ಹೆಗಲ ಮೇಲೆ ಟೇಪು ಇಟ್ಟ. ಐದು ವಾರದ ಮೇಲೆ ಟೇಪು ತನ್ನ ಕೆಲಸಕ್ಕೆ ವಾಪಸು ಬಂದಿತ್ತು. "ಹೆಗಲು ಹದಿಮೂರೂವರೆ" ಎಂದ. ಹೇಳಿದ ಮೇಲೆ ನೆನಪಾಯಿತು, ಇಲ್ಲಿ ಬರೆದುಕೊಳ್ಳುವವರು ಯಾರು ಎಂದು. ತಿರುಗಿ ನೋಡಿದರೆ, ಹೆಂಡತಿ ಚೀಲದಿಂದ ಅಂಗಡಿಯ ಉದ್ದನೆ ಪುಸ್ತಕ ತೆಗೆದು, ಪೆನ್ಸಿಲ್ ಹಿಡಿದು ನಿಂತಿದ್ದಳು.

"ಪುಸ್ತಕ ಯಾಕೆ ತಂದೆ?"

"ಬೇಕಾಗುತ್ತೆ ಅನ್ನಿಸ್ತು. ತೋಳು ಎಷ್ಟು, ಹೇಳಿ" ಎಂದಳು ಅವಳು.

ತೋಳು, ಎದೆ, ಉದ್ದ ಎಲ್ಲ ಆಯಿತು. ಯಜಮಾನನೂ ಗೇಟಿನ ಲೆಕ್ಕಕ್ಕೆಂದು ಎರಡು ಅಂಗಿಯ ಅಳತೆ ಕೊಟ್ಟ, ಹೊಟ್ಟೆ ಒಳಗೆಳೆದುಕೊಂಡು. ಅಷ್ಟರಲ್ಲಿ ಟೈಲರನ ಉಸಿರು ತಂಪಾಗಿತ್ತು. ಇಬ್ಬರೂ ಮತ್ತೆ ಸೈಕಲ್ಲು ಹತ್ತಿದರು. ಹಿಂದಿನಿಂದ ಅಜ್ಜಿ ಕೂಗಿದಳು: "ಭಾನುವಾರ ಭಾನುವಾರ ಬಾರಪ್ಪಾ. ಅಳೀಬೇಡ, ಸುಮ್ನೆ ಕೂತ್ಕೊ!"

ಜೋಳದ ಹೊಲದ ನಡುವೆ ಟೈಲರು ಕೊನೆಗೂ ಬಾಯಿ ಬಿಟ್ಟ. "ನಿನಗೆ ಗೊತ್ತಿತ್ತಾ?"

"ಇಪ್ಪತ್ತೆರಡು ಇಂಚು ಎತ್ತರದ ಗಿರಾಕಿಗೆ ಅರವತ್ತೆಂಟು ಸೊಂಟ ಇದ್ರೆ ಅದು ಗಿರಾಕಿ ಅಲ್ಲ ರೀ. ಪುಸ್ತಕ ಬರೆಯೋಳಿಗೆ ಅಷ್ಟೂ ಗೊತ್ತಾಗಲ್ವಾ?"

"ಯಾಕೆ ಹೇಳಲಿಲ್ಲ?"

"ಅಕ್ಕನ ಮುಂದೆ ಜಂಭ ಕೊಚ್ಚಿದ್ದು ನಾನು. ನೀವು ಬರೀ ಪಿನ್ನು ಕಚ್ಚಿಕೊಂಡಿದ್ರಿ." ಮೆತ್ತೆಯ ಮೇಲೆ ಸರಿದು ಕೂತು ಹೇಳಿದಳು: "ಮದುವೆಯಾದ ವರ್ಷ ಸುತ್ತು ಹಾಕಿಸಿದಾಗ್ಲೂ ಹೀಗೇ. ಆರು ಸಲ ಇಳಿದ್ರಿ. ಚೈನು ಕಳಚಿಕೊಂಡಿದೆ ಅಂತ ಆರು ಸಲಾನೂ ಹೇಳಿದ್ರಿ."

"ಕಳಚಿತ್ತು ಕಣೇ."

"ಚೈನು ನನ್ನ ಪಾದದ ಹತ್ರಾನೇ ಇತ್ತು. ನೋಡ್ತಾನೇ ಇದ್ದೆ." ಅವಳ ನಗು ಅವನ ಬೆನ್ನಿಗೆ ತಾಗಿತು. "ಒಳ್ಳೇದೇ ಆಯ್ತು ಬಿಡಿ. ನೀವು ಇಳಿದ ಕಡೆಯೆಲ್ಲ ನಾನು ಹೊಳೆ ನೋಡಿದೆ. ಇಲ್ಲದಿದ್ರೆ ದಾರಿಯುದ್ದ ನಿಮ್ಮ ಬೆನ್ನು ನೋಡ್ಕೊಂಡೇ ಬರ್ಬೇಕಿತ್ತು. ನೀವು ಬಟ್ಟೆಗೆ ಬಿಡ್ತೀರಲ್ಲ, ಹಾಗೇ ನಿಮ್ಮ ಮಾತಿಗೂ ನಾನು ಒಂದಿಂಚು ಒಳಗೆ ಬಿಟ್ಕೊಂಡೇ ಇದ್ದೀನಿ, ಮೊದ್ಲಿಂದಾನೂ."

ಆಮೇಲಿನ ಒಂದು ಕಿಲೋಮೀಟರನ್ನು ಹೇಗೆ ತುಳಿದನೆಂದು ಟೈಲರಿಗೇ ತಿಳಿಯಲಿಲ್ಲ.

ಕೊನೆಗೆ ದೊಡ್ಡ ಸೇತುವೆಯ ಏರು. ಮೇಲೆ ಹೆಲ್ಮೆಟ್ಟು ಹೊಳೆಯುತ್ತಿತ್ತು. ಅಕ್ಕ ಕಟ್ಟೆಗೆ ಆತುಕೊಂಡು ಬಗ್ಗಿ ನೋಡುತ್ತಿದ್ದಳು. ಅರ್ಧ ಏರಿದ. ಮುಕ್ಕಾಲು ಏರಿದ. ಇನ್ನು ನಲವತ್ತು ಹೆಜ್ಜೆ ಇದೆ ಎನ್ನುವಾಗ ಎರಡು ಮಷೀನೂ ಒಟ್ಟಿಗೆ ನಿಂತವು. ಕಾಲು ನೆಲಕ್ಕೆ ಊರಿತು.

"ಆಗಲ್ಲ ಕಣೇ" ಎಂದ, ತಲೆ ಎತ್ತದೆ. "ನಿನ್ನ ಮಾತು ಉಳಿಸೋಕೆ ಆಗಲಿಲ್ಲ."

ಮೇಲಿನಿಂದ ಭಾವ ಕೂಗಿದರು: "ಏನ್ರೀ! ಸುಸ್ತಾಯ್ತಾ?"

ಹೆಂಡತಿ ಮೆತ್ತೆಯಿಂದ ಇಳಿದಳು. ಗಂಡನ ಕುತ್ತಿಗೆಯಿಂದ ಟೇಪು ಎಳೆದುಕೊಂಡಳು. ಒಂದು ತುದಿಯನ್ನು ಅವನ ಕೈಗಿಟ್ಟು, ಇನ್ನೊಂದು ತುದಿಯನ್ನು ಸೇತುವೆಯ ಕಟ್ಟೆಗೆ ಹಿಡಿದು, ಹುಬ್ಬು ಗಂಟಿಕ್ಕಿ, ಹೊಳೆಯ ಆ ದಂಡೆಗೂ ಕೇಳುವ ಹಾಗೆ ಕೂಗಿದಳು:

"ಸುಸ್ತಾ? ಯಾರಿಗೆ? ಅಲ್ಲೇ ನಿಂತಿರಿ ಭಾವ. ಅಳತೆ ನಡೀತಾ ಇದೆ!"

ಟೇಪು ಬಿಸಿಲಲ್ಲಿ ಬಿಚ್ಚಿಕೊಂಡಿತು. ಅದನ್ನು ಕಂಡ ಭಾವ, ಪಾಪ, ಯಾರ ಅಳತೆ ಎಂದು ಕೇಳುವುದನ್ನೂ ಮರೆತು, ಹೊಟ್ಟೆಯನ್ನು ಒಳಗೆಳೆದು ನೆಟ್ಟಗೆ ನಿಂತರು.

ಗಂಡ ಹೆಂಡತಿ ಕಟ್ಟೆಯ ಮೇಲೆ ಅಕ್ಕಪಕ್ಕ ಕೂತರು. ಅವಳು ಅಳತೆ ಹೇಳಿದಳು, ಅವನು ಬರೆದುಕೊಂಡ. ಮೂವತ್ತನಾಲ್ಕು ವರ್ಷದಲ್ಲಿ ಅದೇ ಮೊದಲು. ಹೊಳೆ ಕೆಳಗೆ ನಿಧಾನವಾಗಿ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅಕ್ಕನೂ ಇಳಿದು ಬಂದು ಪಕ್ಕದಲ್ಲಿ ಕೂತು, ಮೆತ್ತೆಯನ್ನು ಒತ್ತಿ ನೋಡಿದಳು. "ಇಂಥದ್ದೇ ಇನ್ನೊಂದು ಹೊಲೀತೀಯೇನೇ?"

"ಭಾವನ ಸೈಕಲ್ಲಿಗೆ ಕ್ಯಾರಿಯರೇ ಇಲ್ವಲ್ಲ ಅಕ್ಕ."

"ಹಾಕಿಸ್ತಾರೆ" ಎಂದಳು ಅಕ್ಕ.

ಯಾರಿಗೂ ಅವಸರವಿರಲಿಲ್ಲ. ಟೈಲರನ ಉಸಿರು ತಾನಾಗಿ ಹದಕ್ಕೆ ಬಂತು. ಆ ಹೊತ್ತು ಅಲ್ಲಿ ಉಸಿರು ಬಿಗಿಹಿಡಿದುಕೊಂಡು ಮುಖ ಕೆಂಪಾಗಿ ನಿಂತಿದ್ದವರು, ಸೇತುವೆಯ ಮೇಲಿದ್ದ ಹೆಲ್ಮೆಟ್ ಭಾವ ಒಬ್ಬರೇ.